ಹೊಸ್ತಿಲಾಚೆಯ ಹೊಣೆ

ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ, ತಂದೆಯನ್ನೋ ತಾಯಿಯನ್ನೋ ಸೇರಿಸುವ ವಿಚಾರದಿಂದ ವೃದ್ಧಾಶ್ರಮವೊಂದನ್ನು ನೋಡಿಹೋಗಲು ಬರತಕ್ಕ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಒಂದು ಕ್ರಮವುಂಟು. ಊಟ ಎಂಥದು, ಸ್ನಾನಕ್ಕೆ ಬಿಸಿನೀರುಂಟೇ, ವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ರಾತ್ರಿ ಪಾಳಿಯಲ್ಲಿ ಯಾರಿರುತ್ತಾರೆ, ಗೇಟಿಗೆ ಕಾವಲುಗಾರನಿರುವನೇ ಎಂದು ಮುಂತಾಗಿ ವಿಚಾರಿಸಿ, ಕೊಠಡಿಯ ಕಿಟಕಿಯನ್ನು ತೆರೆದು ಮುಚ್ಚಿ ನೋಡಿ, ತಿಂಗಳ ಶುಲ್ಕವನ್ನು ಗುಣಿಸಿ ಭಾಗಿಸಿ ಅವರು ತೃಪ್ತರಾಗುತ್ತಾರೆ. ಇವೆಲ್ಲ ಉಚಿತವಾದ ಪ್ರಶ್ನೆಗಳೇ. ಆದರೆ ತಂದೆಯವರು ಈ ಗೇಟನ್ನು ದಾಟಿ ಹೊರಗೆ ಹೋಗಬೇಕಾಗಿ ಬಂದಾಗ ಅವರ ಸಂಗಡ ಹೋಗುವವರು ಯಾರು, ಅವರಿಗೆ ಏನೇನು ತಿಳಿದಿರುತ್ತದೆ ಎಂದು ಕೇಳುವವರು ವಿರಳ. ಗೇಟು ಇರುವುದು ಒಳಗಿನವರನ್ನು ಕಾಯುವುದಕ್ಕೆಂದು ಸರ್ವರೂ ಒಪ್ಪಿಕೊಂಡಿರುವುದರಿಂದ, ಅದನ್ನು ದಾಟುವ ಪ್ರಸಂಗವನ್ನು ಒಂದು ಅಪವಾದವೆಂದು ಭಾವಿಸುವುದು ರೂಢಿಯಾಗಿಬಿಟ್ಟಿದೆ.

ವಾಸ್ತವದಲ್ಲಿ ಅದು ಅಪವಾದವಲ್ಲ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ, ಸಕ್ಕರೆ ಕಾಯಿಲೆಯ ರಕ್ತಪರೀಕ್ಷೆ, ಹಲ್ಲಿನ ಸೆಟ್ಟು, ಹೃದಯದ ತಪಾಸಣೆ, ಕೆಲವರಿಗೆ ವಾರಕ್ಕೆ ಎರಡು ಮೂರು ಸಲದ ಡಯಾಲಿಸಿಸ್. ಇವುಗಳ ಜೊತೆಗೆ ಬ್ಯಾಂಕಿನ ಕೆಲಸ, ಮೊಮ್ಮಗಳ ಮದುವೆ, ಶ್ರಾವಣದ ಶನಿವಾರದಂದು ದೇವರ ದರ್ಶನ. ಇಷ್ಟೊಂದು ಕಾರಣಗಳಿಂದ ಹೊರಗೆ ಹೋಗಬೇಕಾದ ಮುದುಕರ ಜೊತೆಗೆ ಆ ಹೊತ್ತಿನಲ್ಲಿ ಯಾರು ಬಿಡುವಾಗಿರುವರೋ ಅವರನ್ನು ಕಳುಹಿಸುವುದು ನಾನು ಬಲ್ಲ ಅನೇಕ ಆಶ್ರಮಗಳ ಪದ್ಧತಿ. ನಿನ್ನೆ ಕೆಲಸಕ್ಕೆ ಸೇರಿದ ಆಯಾ ಆಗಬಹುದು, ಡ್ರೈವರೇ ಆಗಬಹುದು. ವೃದ್ಧರನ್ನು ಹೊರಗೆ ಕರೆದೊಯ್ದು ಕರೆತರುವುದು ಕಲಿತು ಮಾಡಬೇಕಾದ ಒಂದು ವಿದ್ಯೆಯೆಂದೂ, ಆ ವಿದ್ಯೆಯಿಲ್ಲದ ಕಡೆಯಲ್ಲಿ ಬೀಗವೇ ಸುರಕ್ಷತೆಯ ವೇಷವನ್ನು ಧರಿಸಿ ನಿಲ್ಲುವುದೆಂದೂ ನನ್ನ ಅಭಿಪ್ರಾಯ. ಅದನ್ನು ಸ್ವಲ್ಪ ವಿಸ್ತಾರವಾಗಿ ನಿರೂಪಿಸಲು ಅಪ್ಪಣೆಯಾಗಬೇಕು.

ನಮ್ಮ ಕಾನೂನು ಈ ವಿಷಯವನ್ನು ಎಷ್ಟರಮಟ್ಟಿಗೆ ಕಂಡಿದೆಯೆಂಬುದನ್ನು ಮೊದಲು ನೋಡೋಣ. ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಗಾಗಿ 2007ರಲ್ಲಿ ಸಂಸತ್ತು ಮಾಡಿದ ಅಧಿನಿಯಮದ 19ನೆಯ ಪ್ರಕರಣವು, ನಿರ್ಗತಿಕರಾದ ಕನಿಷ್ಠ 150 ಮಂದಿ ವೃದ್ಧರಿಗೆ ಸ್ಥಳವಿರುವಂಥ ಆಶ್ರಮವೊಂದನ್ನು ಪ್ರತಿಯೊಂದು ಜಿಲ್ಲೆಯಲ್ಲಿಯೂ ರಾಜ್ಯಸರ್ಕಾರ ಸ್ಥಾಪಿಸಬಹುದೆಂದು ಹೇಳುತ್ತದೆ. ನಿವಾಸಿಗಳ ವೈದ್ಯಕೀಯ ಆರೈಕೆಗೂ ಮನೋರಂಜನೆಗೂ ಅವಶ್ಯವಾದ ಸೇವೆಗಳ ಮಟ್ಟವನ್ನು ಸರ್ಕಾರ ಗೊತ್ತುಮಾಡಬಹುದೆಂದೂ ಅದರಲ್ಲಿಯೇ ಇದೆ. ಆರೈಕೆ ಮತ್ತು ಮನೋರಂಜನೆ ಎರಡನ್ನೂ ಒಂದೇ ವಾಕ್ಯದಲ್ಲಿ ಇರಿಸಿದ ಆ ಕರಡುಗಾರರ ಬಗ್ಗೆ ನನಗೆ ಗೌರವವಿದೆ. ಅದರ ಮುಂದಿನ 20ನೆಯ ಪ್ರಕರಣವು ಸರ್ಕಾರೀ ಆಸ್ಪತ್ರೆಗಳಲ್ಲಿ ಹಿರಿಯ ನಾಗರಿಕರಿಗೆ ಪ್ರತ್ಯೇಕ ಸರದಿಸಾಲು ಇರಬೇಕೆಂದೂ, ಸಾಧ್ಯವಾದಮಟ್ಟಿಗೆ ಹಾಸಿಗೆಗಳು ದೊರೆಯಬೇಕೆಂದೂ ವಿಧಿಸುತ್ತದೆ. ಹೀಗೆ ಒಂದು ಕೊನೆಯಲ್ಲಿ ಆಶ್ರಮದ ಕಟ್ಟಡವನ್ನೂ ಇನ್ನೊಂದು ಕೊನೆಯಲ್ಲಿ ಆಸ್ಪತ್ರೆಯ ಸಾಲನ್ನೂ ಕಾನೂನು ಕಂಡಿತು. ನಡುವಣ ದಾರಿಯನ್ನೂ, ಆ ದಾರಿಯಲ್ಲಿ ಮುದುಕಿಯೊಬ್ಬಳ ತೋಳನ್ನು ಹಿಡಿದು ನಡೆಯತಕ್ಕವರನ್ನೂ ಕಾಣಲಿಲ್ಲ. 2011ರ ಜನಗಣತಿಯ ಹೊತ್ತಿಗೇ ಅರವತ್ತು ಮೀರಿದವರು ದೇಶದಲ್ಲಿ 10 ಕೋಟಿಗೂ ಮಿಕ್ಕಿದ್ದರು; ಅವರಲ್ಲಿ ಆಶ್ರಮವಾಸಿಗಳು ಸ್ವಲ್ಪವೇ ಭಾಗವಾದರೂ, ಮಕ್ಕಳು ಹೊರದೇಶಗಳಲ್ಲಿ ನೆಲಸಿರುವ ನಮ್ಮ ಮಧ್ಯಮವರ್ಗದಲ್ಲಿ ಆ ಭಾಗ ಹೆಚ್ಚುತ್ತ ಬಂದಿರುವುದನ್ನು ನಾವೆಲ್ಲರೂ ನಮ್ಮ ನಮ್ಮ ಬಂಧುವರ್ಗದಲ್ಲಿಯೇ ಕಂಡಿದ್ದೇವೆ.

ಇಲ್ಲಿ ಒಂದು ಪ್ರಬಲವಾದ ಆಕ್ಷೇಪವನ್ನು ಎದುರಿಸಬೇಕು. "ವಯಸ್ಸಾದವರನ್ನು ಹೊರಗೆ ಕರೆದುಕೊಂಡು ಹೋಗಲೇಬೇಕೆ? ಬಿದ್ದರೆ ಸೊಂಟದ ಮೂಳೆ ಮುರಿಯುತ್ತದೆ. ಮುರಿದರೆ ಎಷ್ಟೋ ಮಂದಿ ಮತ್ತೆ ಎದ್ದು ನಡೆಯುವುದಿಲ್ಲ. ವೈದ್ಯರೇ ಒಳಗೆ ಬರಲಿ, ರಕ್ತವನ್ನು ತೆಗೆದುಕೊಂಡು ಹೋಗುವವರೂ ಒಳಗೇ ಬರಲಿ, ಟೆಲಿವಿಷನ್ನಿನಲ್ಲಿ ದೇವರ ದರ್ಶನವಾಗಲಿ" ಎಂದು ವಾದಿಸುವವರು ಹೃದಯಹೀನರಲ್ಲ, ಬಹುಮಟ್ಟಿಗೆ ಅವರು ಹೆದರಿದವರು. ಮೂಳೆ ಮುರಿಯುವ ಭಯ ನಿಜವಾದ ಭಯವೇ. ಆದರೆ ಕಪಾಟಿನಲ್ಲಿಟ್ಟ ಪಿಂಗಾಣಿಯ ಬಟ್ಟಲು ಒಡೆಯದೆ ಉಳಿಯುವ ಹಾಗೆ ಮನುಷ್ಯದೇಹ ಕುಳಿತಲ್ಲಿ ಕುಳಿತು ಉಳಿಯುವುದಿಲ್ಲ. ನಡೆಯದ ಕಾಲಿನ ಮಾಂಸಖಂಡಗಳು ಕೆಲವೇ ವಾರಗಳಲ್ಲಿ ಸೊರಗುತ್ತವೆ; ಸೊರಗಿದ ಕಾಲು ಬಚ್ಚಲಿಗೆ ಹೋಗುವ ನಾಲ್ಕು ಹೆಜ್ಜೆಯಲ್ಲಿಯೇ ತಪ್ಪುತ್ತದೆ; ಬೀಳಬಾರದೆಂದು ಕೂರಿಸಿದವರನ್ನು ಕೂರಿಸಿದ್ದೇ ಬೀಳಿಸುತ್ತದೆ. ಅಮೆರಿಕದ ರಾಬರ್ಟ್ ಪರ್ಸ್ಕೆ ಎಂಬಾತ ಬುದ್ಧಿಮಾಂದ್ಯರೆಂದು ಅಂದು ಕರೆಯಲ್ಪಡುತ್ತಿದ್ದವರ ವಿಷಯವಾಗಿ 1972ರಲ್ಲಿ ಬರೆದ ಲೇಖನವೊಂದರಲ್ಲಿ, ಅಪಾಯವನ್ನು ಎದುರಿಸುವುದರಲ್ಲಿಯೂ ಮನುಷ್ಯನ ಘನತೆಯ ಒಂದು ಅಂಶವಿದೆಯೆಂಬ ವಿಚಾರವನ್ನು ಪ್ರತಿಪಾದಿಸಿದನು. ಸಮಸ್ತ ಅಪಾಯಗಳನ್ನೂ ನಿವಾರಿಸಿದ ಬಾಳಿನಲ್ಲಿ ಆ ಬಾಳನ್ನು ಬಾಳತಕ್ಕವನೇ ನಿವಾರಿತನಾಗಿಬಿಡುವನೆಂಬುದು ಅದರ ತಾತ್ಪರ್ಯವೆಂದು ನಾನು ತಿಳಿದಿದ್ದೇನೆ. ಆ ವಿಚಾರ ಮುಂದೆ ವೃದ್ಧರ ಆರೈಕೆಯ ಕ್ಷೇತ್ರಕ್ಕೂ ಹಬ್ಬಿತು. ಅದನ್ನು ಅಜಾಗರೂಕತೆಯ ಸಮರ್ಥನೆಯಾಗಿ ಬಳಸಿಕೊಳ್ಳತಕ್ಕದ್ದಲ್ಲವೆಂಬುದು ಬೇರೆ ಮಾತು. ಅಪಾಯವನ್ನು ಅರಿತು, ಅಳೆದು, ಅದನ್ನು ಎದುರಿಸಲಿರುವವರ ಒಪ್ಪಿಗೆಯನ್ನು ಪಡೆದು ಮುಂದುವರಿಯುವುದು ಒಂದು. ಅಪಾಯವನ್ನು ಯೋಚಿಸದೆ ಗಾಡಿ ಹತ್ತಿಸುವುದು ಇನ್ನೊಂದು.

ಸೌಕರ್ಯವೆಂಬುದು ಕೆಲವೊಮ್ಮೆ ಏನನ್ನು ಕಸಿದುಕೊಳ್ಳುತ್ತದೆ ಎಂಬುದಕ್ಕೆ ಪಿಂಚಣಿದಾರರ ನವೆಂಬರ್ ತಿಂಗಳನ್ನು ನೋಡಬಹುದು. ತಾನು ಬದುಕಿರುವೆನೆಂಬ ಪ್ರಮಾಣಪತ್ರವನ್ನು ವರ್ಷಕ್ಕೊಮ್ಮೆ ಸಲ್ಲಿಸಲು ಅವರು ಬ್ಯಾಂಕಿಗೆ ಹೋಗುತ್ತಿದ್ದರು. 2014ರಲ್ಲಿ ಜೀವನ್ ಪ್ರಮಾಣ್ ಎಂಬ ವ್ಯವಸ್ಥೆ ಬಂದು ಬೆರಳಚ್ಚಿನಿಂದಲೂ, 2021ರ ತರುವಾಯ ಮೊಬೈಲಿನಲ್ಲಿ ಮುಖವನ್ನು ತೋರಿಸುವುದರಿಂದಲೂ ಆ ಕೆಲಸ ಆಗುವಂತಾಯಿತು. 70 ವರ್ಷ ಮೀರಿದವರ ಮನೆಬಾಗಿಲಿಗೇ ಸೇವೆಯನ್ನು ಮುಟ್ಟಿಸಬೇಕೆಂದು ರಿಸರ್ವ್ ಬ್ಯಾಂಕು 2017ರಲ್ಲಿ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿತು. ಹಾಸಿಗೆ ಹಿಡಿದವರಿಗೆ ಇದು ಮಹದುಪಕಾರ. ಆದರೆ ನಡೆಯಬಲ್ಲ ಮೇಷ್ಟ್ರೊಬ್ಬರಿಗೆ ಬ್ಯಾಂಕಿನ ಆ ಬೆಂಚು ಹಳೆಯ ಸಹೋದ್ಯೋಗಿಗಳು ವರ್ಷಕ್ಕೊಮ್ಮೆ ಕೂಡುವ ಸ್ಥಳವಾಗಿತ್ತು. ಯಾರು ಬಂದಿಲ್ಲವೆಂಬುದನ್ನು ನೋಡಿ ಯಾರು ಹೋದರೆಂಬುದು ಅಲ್ಲಿ ತಿಳಿಯುತ್ತಿತ್ತು. ಆಶ್ರಮದ ಕಛೇರಿಯಲ್ಲಿ ಅವರ ಮುಖಕ್ಕೆ ಮೊಬೈಲನ್ನು ಹಿಡಿದು ಎರಡು ನಿಮಿಷದಲ್ಲಿ ಕೆಲಸ ಮುಗಿಸಿದ ಗುಮಾಸ್ತನು, "ಇನ್ನು ನೀವು ಹೋಗಬೇಕಾಗಿಲ್ಲ ಸಾರ್" ಎಂದು ಹೇಳುವಾಗ ತಾನು ಒಳ್ಳೆಯ ಸುದ್ದಿಯನ್ನು ಕೊಡುತ್ತಿರುವೆನೆಂದೇ ನಂಬಿರುತ್ತಾನೆ.

ಅದಿರಲಿ, ಹೋಗದೆ ವಿಧಿಯಿಲ್ಲದ ಪ್ರಯಾಣಕ್ಕೆ, ಎಂದರೆ ಆಸ್ಪತ್ರೆಯ ಭೇಟಿಗೆ ಬರೋಣ. ಅದರ ಅಪಾಯಗಳು ರಸ್ತೆಯಲ್ಲಿವೆಯೆಂದು ನಾವು ಸಾಮಾನ್ಯವಾಗಿ ತಿಳಿಯುತ್ತೇವೆ. ಅವುಗಳಲ್ಲಿ ಬಹುಭಾಗ ಹಿಂದಿನ ರಾತ್ರಿಯೇ ಹುಟ್ಟಿರುತ್ತವೆ. ಬೆಳಗಿನ ರಕ್ತಪರೀಕ್ಷೆಗೆ ಖಾಲಿ ಹೊಟ್ಟೆಯಲ್ಲಿ ಬರಬೇಕೆಂದು ಚೀಟಿಯಲ್ಲಿ ಬರೆದಿದ್ದರೆ, ಸಕ್ಕರೆ ಕಾಯಿಲೆಯ ಮಾತ್ರೆಯನ್ನೋ ಇನ್ಸುಲಿನ್ನನ್ನೋ ಅದರ ಜೊತೆಗೆ ಏನು ಮಾಡಬೇಕೆಂಬುದನ್ನು ಆ ವೈದ್ಯರಿಂದಲೇ ಮುಂಚಿತವಾಗಿ ಕೇಳಿ ಬರೆದಿಟ್ಟುಕೊಂಡಿರಬೇಕು. ಕೇಳದೆ ಇದ್ದಲ್ಲಿ, ಎಂದಿನಂತೆ ಆರು ಗಂಟೆಗೆ ಇನ್ಸುಲಿನ್ ಕೊಟ್ಟ ರಾತ್ರಿ ಪಾಳಿಯವಳು ತನ್ನ ಕೆಲಸವನ್ನು ಸರಿಯಾಗಿ ಮಾಡಿದೆನೆಂದು ಮನೆಗೆ ಹೋಗಿರುತ್ತಾಳೆ. ಉಪವಾಸದಲ್ಲಿರುವ ಮುದುಕ ಹತ್ತು ಗಂಟೆಗೆ ಟೋಕನ್ನಿನ ಸಾಲಿನಲ್ಲಿ ಬೆವರಿ, ನಡುಗಿ, ಅಸಂಬದ್ಧವಾಗಿ ಮಾತನಾಡಲಾರಂಭಿಸುತ್ತಾನೆ. ಜೊತೆಗೆ ಹೋದ ಹುಡುಗನು ಅದನ್ನು ಮುದಿತನದ ಮರುಳೆಂದು ತಿಳಿಯುತ್ತಾನೆ. ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಮಿಗಿಂತ ಕೆಳಕ್ಕಿಳಿದಾಗಿನ ಲಕ್ಷಣಗಳಿವು ಎಂಬುದೂ, ಎಚ್ಚರವಿದ್ದು ನುಂಗಬಲ್ಲವರಾದರೆ ಕೂಡಲೆ ಸಕ್ಕರೆನೀರು ಕುಡಿಸಬೇಕೆಂಬುದೂ, ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದೆಂಬುದೂ ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಅವನ ಕೈಚೀಲದಲ್ಲಿ ಫೈಲು ಮಾತ್ರ ಇದೆ. ಒಂದು ಗ್ಲೂಕೋಸ್ ಪೊಟ್ಟಣವಿಲ್ಲ.

ಇದಕ್ಕಿಂತಲೂ ಮೌನವಾದ ಇನ್ನೊಂದು ಅಪಾಯವಿದೆ. ಅದನ್ನು ಕುರಿತು ಸಭ್ಯರಾದ ಲೇಖಕರು ಬರೆಯುವುದಿಲ್ಲವಾದ್ದರಿಂದ ನಾನು ಬರೆಯಬೇಕಾಗಿದೆ. ಹೊರಗೆ ಹೋಗುವ ದಿನ ನಮ್ಮ ಮುದುಕಿಯರು ಬೆಳಗಿನಿಂದ ನೀರು ಕುಡಿಯುವುದಿಲ್ಲ. ದಾರಿಯಲ್ಲಿ ಶೌಚಕ್ಕೆ ಅವಸರವಾದರೆ ಏನು ಮಾಡುವುದು, ಗಂಡುಮಗನಾದ ಡ್ರೈವರನಿಗೆ ಹೇಗೆ ಹೇಳುವುದು ಎಂಬ ಸಂಕೋಚ ಅವರ ಬಾಯಿಯನ್ನು ಒಣಗಿಸುತ್ತದೆ. ರಕ್ತದೊತ್ತಡಕ್ಕೂ ಹೃದಯಕ್ಕೂ ನೀರಿಳಿಸುವ ಮಾತ್ರೆಯನ್ನು ತೆಗೆದುಕೊಳ್ಳುವವರು ಅದನ್ನು ಯಾರಿಗೂ ಹೇಳದೆ ಸೆರಗಿನ ಗಂಟಿನಲ್ಲಿ ಉಳಿಸಿಕೊಳ್ಳುವುದೂ ಉಂಟು. ನೀರಿಲ್ಲದ ದೇಹ ಬಿಸಿಲಿನಲ್ಲಿ ಕುಳಿತು ತಟ್ಟನೆ ಎದ್ದು ನಿಂತಾಗ ರಕ್ತದೊತ್ತಡ ಕುಸಿಯುತ್ತದೆ. ನಿಂತ ಮೂರು ನಿಮಿಷದೊಳಗೆ ಮೇಲಿನ ಅಂಕೆ 20ರಷ್ಟು ಇಳಿದರೆ ವೈದ್ಯರು ಅದನ್ನು ರೋಗಲಕ್ಷಣವೆಂದೇ ಗಣಿಸುತ್ತಾರೆ. ಕಣ್ಣಿಗೆ ಕತ್ತಲೆ ಬಂದು ಬಿದ್ದವರನ್ನು ಎತ್ತಿದ ಮೇಲೆ "ಕಾಲು ಜಾರಿತು" ಎಂದು ದಾಖಲೆಯಲ್ಲಿ ಬರೆಯುತ್ತಾರೆ. ಜಾರಿದ್ದು ಕಾಲಲ್ಲ. ಆಸ್ಪತ್ರೆಯ ಶೌಚಾಲಯ ಎಲ್ಲಿದೆ, ಅದರಲ್ಲಿ ಹಿಡಿದುಕೊಳ್ಳುವುದಕ್ಕೆ ಕಂಬಿಯಿದೆಯೇ, ಗಾಲಿಕುರ್ಚಿ ಒಳಗೆ ಹೋಗುತ್ತದೆಯೇ ಎಂದು ಮೊದಲೇ ವಿಚಾರಿಸಿಕೊಂಡು, ಹೊರಡುವ ಮುಂಚೆ "ಅಮ್ಮಾ, ಅಲ್ಲಿ ಅನುಕೂಲ ಇದೆ, ನಾನು ಜೊತೇಲೇ ಬರ್ತೀನಿ, ನೀವು ಧಾರಾಳವಾಗಿ ನೀರು ಕುಡೀರಿ" ಎಂದು ಹೆಣ್ಣುಮಗಳೊಬ್ಬಳು ಕಿವಿಯಲ್ಲಿ ಹೇಳುವುದು ಅನೇಕ ಯಂತ್ರೋಪಕರಣಗಳಿಗಿಂತ ಹೆಚ್ಚಿನ ರಕ್ಷಣೆ. ಮುದುಕಿಯ ಸಂಗಡ ಹೆಂಗಸೇ ಹೋಗಬೇಕೆಂದು ಹಿಂದಿನವರು ಹೇಳುತ್ತಿದ್ದುದನ್ನು ಬರಿಯ ಮಡಿವಂತಿಕೆಯೆಂದು ತಳ್ಳಿಹಾಕುವವರು ಈ ಅಂಶವನ್ನು ಯೋಚಿಸಬೇಕು.

ಶರೀರವನ್ನು ಹಿಡಿದು ನಡೆಸುವ ಕ್ರಮವನ್ನು ಕುರಿತು ಹೆಚ್ಚು ಹೇಳುವುದಿಲ್ಲ. ಅದು ನೋಡಿ ಕಲಿಯತಕ್ಕದ್ದು. ಮುಂದೆ ನಿಂತು ಕೈಯನ್ನು ಎಳೆಯುವುದು ನಮ್ಮಲ್ಲಿ ಸರ್ವಸಾಮಾನ್ಯ. ಅದು ತಪ್ಪು, ಲಕ್ವ ಹೊಡೆದ ತೋಳನ್ನು ಎಳೆದರೆ ಭುಜದ ಕೀಲಿಗೇ ಪೆಟ್ಟು. ಬಲಹೀನವಾದ ಮಗ್ಗುಲಲ್ಲಿ ಸ್ವಲ್ಪ ಹಿಂದೆ ನಿಂತು ಸೊಂಟದ ಬಳಿ ಆಸರೆ ಕೊಡಬೇಕು. ಕಾರಿನಲ್ಲಿ ಮೊದಲು ಬೆನ್ನು ಮಾಡಿ ಕುಳ್ಳಿರಿಸಿ ಆಮೇಲೆ ಕಾಲುಗಳನ್ನು ಒಳಗೆ ತಿರುಗಿಸಬೇಕು. ಗಾಲಿಕುರ್ಚಿಯಿಂದ ಏಳುವ ಮುನ್ನ ಬ್ರೇಕು ಹಾಕಿ ಕಾಲುಹಲಗೆಗಳನ್ನು ಮಡಿಸಬೇಕು, ಕಡಿದಾದ ಇಳಿಜಾರಿನಲ್ಲಿ ಕುರ್ಚಿಯನ್ನು ಹಿಮ್ಮುಖವಾಗಿ ಇಳಿಸಬೇಕು. ಪಾರ್ಕಿನ್ಸನ್ ರೋಗವುಳ್ಳವರು ಬಾಗಿಲಿನ ಇಕ್ಕಟ್ಟಿನಲ್ಲಿ ತಟಸ್ಥರಾಗಿ ನಿಂತುಬಿಡುವುದು ರೋಗದ ಸ್ವಭಾವ. ಹಿಂದಿನಿಂದ ತಳ್ಳಿದರೆ ಬೀಳುತ್ತಾರೆ, ಮಾತ್ರೆಯ ವೇಳೆ ತಪ್ಪಿದರೆ ನಡಿಗೆಯೇ ತಪ್ಪುತ್ತದೆ. ಬಸ್ಸಿನ ವಿಷಯದಲ್ಲಿ ಒಂದು ಮಾತು: ನಮ್ಮ ರಾಜ್ಯದ ಸಾರಿಗೆ ಸಂಸ್ಥೆ ಹಿರಿಯ ನಾಗರಿಕರಿಗೆ ದರದಲ್ಲಿ ಶೇಕಡ 25ರ ರಿಯಾಯಿತಿಯನ್ನು ಕೊಡುತ್ತದೆ, 2023ರ ಜೂನಿನಿಂದ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ಟಿನ ಹಣವೇ ಇಲ್ಲ, ಇಷ್ಟಾದರೂ ಮೆಟ್ಟಿಲಿನ ಎತ್ತರದಲ್ಲಿ ಮಾತ್ರ ಯಾವ ರಿಯಾಯಿತಿಯೂ ಸಿಕ್ಕಿಲ್ಲ.

ಇನ್ನು ವೈದ್ಯರ ಕೊಠಡಿಯೊಳಕ್ಕೆ ಹೋಗೋಣ. ಜೊತೆಗಾರರ ವಿದ್ಯೆಯ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿ. ಗಂಟೆಗಟ್ಟಲೆ ಕಾದ ಬಳಿಕ ದೊರೆಯುವ ಐದು ನಿಮಿಷದಲ್ಲಿ ವೈದ್ಯರು ಕಂಪ್ಯೂಟರಿನಿಂದ ಕಣ್ಣೆತ್ತಿ ಆಯಾಳನ್ನು ನೋಡಿ "ಇವರಿಗೇನು ತೊಂದರೆ?" ಎಂದು ಕೇಳುತ್ತಾರೆ. ಇವರು ಎಂಬಾಕೆ ಎದುರಿಗೇ ಕುಳಿತಿದ್ದಾಳೆ. ನಲವತ್ತು ವರ್ಷ ಹಾಸನದ ಕಡೆಯ ಕೂಡುಕುಟುಂಬವೊಂದನ್ನು ಆಳಿದವಳು. ಒಂದು ವೇಳೆ ವೈದ್ಯರು ಸೌಜನ್ಯದಿಂದ ಆಕೆಯನ್ನೇ ಕೇಳಿದರೆನ್ನಿ, ಆಕೆಯ ಉತ್ತರ "ಏನೂ ಇಲ್ಲಪ್ಪ, ಚೆನ್ನಾಗೇ ಇದೀನಿ" ಎಂದು. ದೊಡ್ಡ ಡಾಕ್ಟರ ಮುಂದೆ ತನ್ನ ಕಷ್ಟವನ್ನು ತೋಡಿಕೊಳ್ಳುವುದು ಅವಳ ಸಂಸ್ಕಾರದಲ್ಲಿ ಇಲ್ಲ. ಮೇಲಾಗಿ, ಹೇಳಿದರೆ ಎಲ್ಲಿ ಆಸ್ಪತ್ರೆಯಲ್ಲಿಯೇ ಇರಿಸಿಕೊಳ್ಳುವರೋ ಎಂಬ ಅಂಜಿಕೆ. ಆಕೆ ಮೂರು ದಿನದಿಂದ ಅರ್ಧ ಚಪಾತಿಯನ್ನೂ ಮುಗಿಸಿಲ್ಲವೆಂಬುದು, ಮೊನ್ನೆ ರಾತ್ರಿ ಮಂಚದಿಂದ ಏಳುವಾಗ ಬಿದ್ದಳೆಂಬುದು ಗೊತ್ತಿರುವವಳು ಆಶ್ರಮದಲ್ಲಿ ಉಳಿದುಬಿಟ್ಟಿದ್ದಾಳೆ. ಜೊತೆಗೆ ಬಂದವಳು ಒಡಿಶಾದಿಂದಲೋ ಅಸ್ಸಾಮಿನಿಂದಲೋ ಜೀವನೋಪಾಯಕ್ಕಾಗಿ ಬಂದು, ಕನ್ನಡವನ್ನು ಇನ್ನೂ ಕಲಿಯುತ್ತಿರುವ ಹುಡುಗಿ. ವೈದ್ಯರ ಇಂಗ್ಲಿಷು, ಅಜ್ಜಿಯ ಕನ್ನಡ, ಹುಡುಗಿಯ ಮುರುಕು ಹಿಂದಿ ಈ ಮೂರರ ನಡುವೆ ರೋಗದ ವೃತ್ತಾಂತವೇ ಕಳೆದುಹೋಗುತ್ತದೆ. ಆ ಹುಡುಗಿಯನ್ನು ದೂಷಿಸುವುದು ಅನ್ಯಾಯ. ಅವಳನ್ನು ಹಾಗೆ ಕಳುಹಿಸಿದ ವ್ಯವಸ್ಥೆಯನ್ನು ಪ್ರಶ್ನಿಸಬೇಕು.

ಆದಕಾರಣ, ದಿನನಿತ್ಯ ಆ ವ್ಯಕ್ತಿಗೆ ಸ್ನಾನ ಮಾಡಿಸಿ ಊಟ ಬಡಿಸುವವರೇ ಸಂಗಡ ಹೋಗಬೇಕೆಂಬುದು ನನ್ನ ಮೊದಲನೆಯ ಆಗ್ರಹ. ಆದರೆ ಬಲ್ಲವರು ಹೋದಾಗ ಅದಕ್ಕೆ ವಿರುದ್ಧವಾದ ಇನ್ನೊಂದು ದೋಷ ತಲೆಯೆತ್ತುತ್ತದೆ: ಅವರು ತಾವೇ ಎಲ್ಲವನ್ನೂ ಹೇಳಿಬಿಡುತ್ತಾರೆ. ಹತ್ತು ಜನ ಕಾದು ನಿಂತಿರುವ ತೆರೆದ ಬಾಗಿಲಿನ ಮುಂದೆ "ಡಾಕ್ಟ್ರೇ, ಇವರಿಗೆ ರಾತ್ರಿ ಹಾಸಿಗೇಲೇ ಆಗೋಗುತ್ತೆ" ಎಂದು ಎತ್ತರಿಸಿದ ದನಿಯಲ್ಲಿ ಹೇಳುವಾಗ ಆ ಹೇಳಿಕೆ ಯಥಾರ್ಥವೇ ಆಗಿರಬಹುದು, ಚಿಕಿತ್ಸೆಗೆ ಆವಶ್ಯಕವೂ ಆಗಿರಬಹುದು. ಆದರೆ ಕೇಳುತ್ತ ಕುಳಿತಿರುವ ಆ ಮಾನವಂತೆ ಮುಂದಿನ ಸಲ ಆಸ್ಪತ್ರೆಗೆ ಬರುವುದಕ್ಕೇ ಒಲ್ಲೆನೆನ್ನುತ್ತಾಳೆ, ಹಾಗೂ ಏಕೆ ಒಲ್ಲೆನೆಂಬುದನ್ನು ಯಾರಿಗೂ ಹೇಳುವುದಿಲ್ಲ. ಹೊರಡುವ ಮುನ್ನವೇ "ಅಜ್ಜೀ, ಮೊನ್ನೆ ಬಿದ್ದ ವಿಷಯ ಡಾಕ್ಟ್ರಿಗೆ ನೀವೇ ಹೇಳ್ತೀರೋ, ನಾನು ಹೇಳಲೋ?" ಎಂದು ಕೇಳಿದ್ದರೆ ಸಾಕಾಗಿತ್ತು. ಆ ಒಂದು ಪ್ರಶ್ನೆಯಿಂದ ಮಾತಿನ ಅಧಿಕಾರ ಅಜ್ಜಿಯಲ್ಲಿಯೇ ಉಳಿಯುತ್ತದೆ, ವೈದ್ಯರಿಗೂ ಸಂಗತಿ ತಲಪುತ್ತದೆ. ಜೊತೆಗಾರರು ವೃದ್ಧರ ಜ್ಞಾಪಕಕ್ಕೆ ಒದಗಬೇಕು, ಅವರ ನಾಲಗೆಯನ್ನು ಕಿತ್ತುಕೊಳ್ಳಬಾರದು. ಸಹಿಯ ವಿಷಯವೂ ಇಂಥದೇ. ಶಸ್ತ್ರಚಿಕಿತ್ಸೆಯ ಒಪ್ಪಿಗೆಯ ಕಾಗದವನ್ನು ನರ್ಸು ಆತುರದಲ್ಲಿ ಆಯಾಳ ಮುಂದೆ ಚಾಚಿದರೆ, ಅವಳು ಅದನ್ನು ವಿನಯದಿಂದ ಅಜ್ಜಿಯ ಕಡೆಗೆ ಸರಿಸಬೇಕು. ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕಳ ದೇಹಕ್ಕೆ ಅವಳೇ ಒಡತಿ.

ವಿಹಾರದ ಪ್ರಯಾಣಗಳಿಗೆ ಬಂದರೆ ಅಲ್ಲಿನ ಕಷ್ಟ ಬೇರೆ ಬಗೆಯದು. ಅಲ್ಲಿ ವೈದ್ಯರ ಚೀಟಿಯ ಒತ್ತಾಯವಿಲ್ಲ. ಹೋಗುವವರ ಇಷ್ಟವೊಂದೇ ಆಧಾರ. ಆದ್ದರಿಂದಲೇ ಯಾರ ಇಷ್ಟವೆಂಬುದನ್ನು ಮೊದಲು ವಿಚಾರಿಸಬೇಕಾಗುತ್ತದೆ. ದಾನಿಗಳೊಬ್ಬರ ಹುಟ್ಟುಹಬ್ಬಕ್ಕೆಂದು ಮೂವತ್ತು ನಲವತ್ತು ವೃದ್ಧರನ್ನು ಒಂದೇ ಬಸ್ಸಿನಲ್ಲಿ ತುಂಬಿ, ಎಲ್ಲರ ತಲೆಗೂ ಒಂದೇ ಬಣ್ಣದ ಟೋಪಿಯನ್ನು ಹಾಕಿ, ಬ್ಯಾನರಿನ ಹಿಂದೆ ನಿಲ್ಲಿಸಿ ಫೋಟೋ ತೆಗೆಸಿಕೊಂಡು ಬರುವ ಪ್ರವಾಸಗಳನ್ನು ಕಂಡಾಗ, ವಿಹಾರಕ್ಕೆ ಹೋದವರು ಯಾರು, ಕೊಂಡುಹೋಗಲ್ಪಟ್ಟವರು ಯಾರು ಎಂಬ ಸಂದೇಹ ಬರುತ್ತದೆ. ಲಾಲ್‌ಬಾಗಿಗೆ ಆಗಸ್ಟಿನ ಫಲಪುಷ್ಪ ಪ್ರದರ್ಶನದ ನೂಕುನುಗ್ಗಲಿನಲ್ಲಿಯೇ ಹೋಗಬೇಕೆಂದೇನೂ ಇಲ್ಲ. ಅದು ಮುಗಿದ ವಾರದ ಮಂಗಳವಾರ ಬೆಳಗ್ಗೆ ಇಬ್ಬರು ಮೂವರನ್ನು ಕರೆದೊಯ್ದು ಕೆರೆಯ ಬಳಿ ಮರದ ನೆರಳಿನಲ್ಲಿ ಕೂರಿಸಿದರೆ ಮರಗಳನ್ನು ನಿಜವಾಗಿ ನೋಡಿದಂತಾಗುತ್ತದೆ. ವೈಕುಂಠ ಏಕಾದಶಿಯ ಸಾಲಿನಲ್ಲಿ ನಿಲ್ಲಿಸುವುದು ಭಕ್ತಿಯ ಕೆಲಸವೆಂದು ತೋರಬಹುದು. ದ್ವಾದಶಿಯ ದಿನವೂ ದೇವರು ಅಲ್ಲಿಯೇ ಇರುತ್ತಾನೆ, ಪ್ರಾಯಶಃ ಸ್ವಲ್ಪ ವಿರಾಮವಾಗಿ. ಚಾಮುಂಡಿಬೆಟ್ಟದ ಸಾವಿರ ಮೆಟ್ಟಿಲನ್ನು ಹತ್ತಿದ ದಿನಗಳನ್ನು ನೆನೆಯುವವರನ್ನು ವಾಹನದಲ್ಲಿ ಮೇಲಕ್ಕೆ ಕರೆದೊಯ್ಯಬಹುದು. ಅವರ ನೆನಪಿನಲ್ಲಿ ಮೆಟ್ಟಿಲುಗಳು ಇದ್ದೇ ಇವೆ.

ದೇವಸ್ಥಾನವೆಂದ ಮೇಲೆ ಪ್ರಸಾದವನ್ನು ಕುರಿತು ಹೇಳದಿರಲಾಗದು. ನುಂಗುವ ಶಕ್ತಿ ಕುಂದಿದವರಿಗೆ, ಲಕ್ವವಾಗಿ ಗಂಟಲಿನ ಒಂದು ಭಾಗ ಸಡಿಲವಾದವರಿಗೆ, ಮರೆಗುಳಿತನದಿಂದ ಅಗಿಯುವುದನ್ನೇ ಮರೆತವರಿಗೆ ಪುಳಿಯೋಗರೆಯ ಕಡಲೆಕಾಯಿ ಬೀಜ, ಒಣ ಅವಲಕ್ಕಿ, ಕೊಬ್ಬರಿಯ ಚೂರು ಇವು ಉಸಿರನ್ನು ಕಟ್ಟಬಲ್ಲವು. ಆಶ್ರಮದ ಅಡುಗೆಮನೆಯಲ್ಲಿ ಅವರ ಅನ್ನವನ್ನು ಕಿವುಚಿ ಕೊಡುವ ನಿಯಮವಿದ್ದರೂ, ಅರ್ಚಕರು ಕೈಗೆ ಇಟ್ಟದ್ದನ್ನು ಬೇಡವೆನ್ನಲು ಆಯಾಳಿಗೆ ಧೈರ್ಯ ಸಾಲದು. ತಾತನಿಗಂತೂ ಬೇಡವೆಂಬ ಮಾತೇ ಅಪಚಾರ. ನಿರಾಕರಿಸದೆ, ಕಣ್ಣಿಗೊತ್ತಿಕೊಂಡು, ಎಲೆಯಲ್ಲಿ ಮಡಿಸಿ ತಂದು, ಮೆತ್ತಗೆ ಮಾಡಿ, ನೆಟ್ಟಗೆ ಕುಳ್ಳಿರಿಸಿ ಸ್ವಲ್ಪ ಸ್ವಲ್ಪವಾಗಿ ಕೊಡುವ ಉಪಾಯವನ್ನು ತಿಳಿದವರಿಗೆ ದೇವರೂ ಮುನಿಯುವುದಿಲ್ಲ, ಗಂಟಲೂ ಮುನಿಯುವುದಿಲ್ಲ.

ಮರೆಗುಳಿತನದ ರೋಗವುಳ್ಳವರ ವಿಷಯದಲ್ಲಿ ಎಚ್ಚರಿಕೆ ದ್ವಿಗುಣವಾಗಬೇಕು. ಜನಸಂದಣಿಯಲ್ಲಿ ಜೊತೆಗಾರರು ಚಪ್ಪಲಿಯನ್ನು ಬಿಡಲು ಬಗ್ಗಿದಷ್ಟು ಹೊತ್ತಿನಲ್ಲಿಯೇ ಅಂಥ ರಾಯರೊಬ್ಬರು ತಾವು ಮೂವತ್ತು ವರ್ಷ ಕೆಲಸ ಮಾಡಿದ ಕಛೇರಿಗೆ ತಡವಾಯಿತೆಂದು ಹೊರಟುಬಿಟ್ಟಿರುತ್ತಾರೆ. ಹೊರಡುವ ಮುನ್ನ ಆ ದಿನದ ಉಡುಪಿನಲ್ಲಿಯೇ ಒಂದು ಫೋಟೋ ತೆಗೆದಿಟ್ಟುಕೊಂಡಿದ್ದರೆ, ಪೊಲೀಸರ 112ಕ್ಕೆ ಕರೆಮಾಡಿದಾಗ ಅಂಗಿಯ ಬಣ್ಣ ಯಾವುದೆಂದು ತಡವರಿಸಬೇಕಾಗುವುದಿಲ್ಲ. ಜೇಬಿನಲ್ಲಿ ಹೆಸರಿನ ಜೊತೆಗೆ ಆಶ್ರಮದ ಫೋನ್ ಸಂಖ್ಯೆಯ ಚೀಟಿ ಇರಬೇಕು, ಆದರೆ ಶಾಲೆಯ ಮಕ್ಕಳಂತೆ ಕೊರಳಿಗೆ ಫಲಕವನ್ನು ತೂಗಹಾಕುವುದು ಬೇಡ. ಸಂಜೆಯಾಗುತ್ತ ಬಂದಂತೆ ಇಂಥವರ ಗಾಬರಿ ಹೆಚ್ಚುವುದು ವೈದ್ಯರು ಬಲ್ಲ ಸಂಗತಿಯಾದ್ದರಿಂದ ಪ್ರಯಾಣಗಳು ಪೂರ್ವಾಹ್ನದಲ್ಲಿಯೇ ಮುಗಿಯುವುದು ಲೇಸು. ಎಷ್ಟು ವೃದ್ಧರಿಗೆ ಎಷ್ಟು ಜೊತೆಗಾರರು ಎಂದು ಒಂದೇ ಲೆಕ್ಕವನ್ನು ಎಲ್ಲರಿಗೂ ಹಾಕುವುದರಲ್ಲಿ ನನಗೆ ನಂಬಿಕೆಯಿಲ್ಲ. ಕೋಲೂರಿ ನಡೆಯುವ ಮೂವರಿಗೆ ಒಬ್ಬರು ಸಾಕಾಗಬಹುದು, ರಾಯರೊಬ್ಬರಿಗೇ ಇಬ್ಬರು ಬೇಕಾಗಬಹುದು.

ಇಷ್ಟೆಲ್ಲವನ್ನು ಕೇಳಿದ ಆಶ್ರಮದ ವ್ಯವಸ್ಥಾಪಕರು ನಿಟ್ಟುಸಿರುಬಿಟ್ಟು, "ಒಬ್ಬಳನ್ನು ಆಸ್ಪತ್ರೆಗೆ ಕಳಿಸಿದರೆ ಆ ದಿನ ಒಳಗಿರುವ ಹನ್ನೆರಡು ಜನರನ್ನು ನೋಡಿಕೊಳ್ಳುವವರು ಯಾರು ಸ್ವಾಮಿ?" ಎಂದು ಕೇಳುತ್ತಾರೆ. ಇದು ಕುಂಟುನೆಪವಲ್ಲ, ಸಮಸ್ಯೆಯ ಮೂಲ ಇಲ್ಲಿಯೇ ಇದೆ. ಜೊತೆಗೆ ಹೋಗುವುದನ್ನು ಕೆಲಸವೆಂದು ಲೆಕ್ಕಕ್ಕೆ ಹಿಡಿಯದಿರುವ ಕಾರಣದಿಂದಲೇ ಅದಕ್ಕೆ ಆಳಿಲ್ಲ, ವೇಳೆಯಿಲ್ಲ, ವೇತನವಿಲ್ಲ. ತಿಂಗಳ ಶುಲ್ಕದಲ್ಲಿ ಊಟಕ್ಕಿಷ್ಟು, ಔಷಧಕ್ಕಿಷ್ಟು ಎಂದು ವಿಂಗಡಿಸುವಾಗ ಹೊರಗಿನ ಪ್ರಯಾಣಕ್ಕೆ ಇಷ್ಟೆಂದು ವಿಂಗಡಿಸಿದರೆ ಶುಲ್ಕ ಸ್ವಲ್ಪ ಏರುತ್ತದೆ; ಏರಲಿ. ಕೊಡಬಲ್ಲವರು ಕೊಡಬೇಕು, ಕೊಡಲಾರದವರ ಪಾಲನ್ನು, 19ನೆಯ ಪ್ರಕರಣದ ಆ ವೈದ್ಯಕೀಯ ಆರೈಕೆ ಮತ್ತು ಮನೋರಂಜನೆಯ ಹೆಸರಿನಲ್ಲಿಯೇ ಸರ್ಕಾರ ಹೊರಬೇಕು. ಇದರ ಸಂಗಡ ಆಯಾಳಿಗೆ ಒಂದು ಅಭಯವೂ ಬೇಕು. ಈಗಿರುವ ಸ್ಥಿತಿಯಲ್ಲಿ ಮುದುಕ ಬಿದ್ದರೆ ಅವಳ ಸಂಬಳ ಕಡಿತವಾಗುತ್ತದೆ, ಕೆಲವು ವೇಳೆ ಕೆಲಸವೇ ಹೋಗುತ್ತದೆ. ಮುದುಕ ಹೊರಗೇ ಹೋಗದೆ ಕೊಠಡಿಯಲ್ಲಿ ಕೊರಗಿದರೆ ಯಾರ ಸಂಬಳವೂ ಕಡಿತವಾಗುವುದಿಲ್ಲ. ಹೀಗಿರುವಲ್ಲಿ ಬುದ್ಧಿಯುಳ್ಳ ಆಯಾ ಯಾವುದನ್ನು ಆರಿಸಿಕೊಳ್ಳುವಳೆಂಬುದನ್ನು ಊಹಿಸುವುದು ಕಷ್ಟವಲ್ಲ. ಇಂಥ ಅಪಾಯಗಳಿವೆ, ಇಂತಿಂಥ ಸಿದ್ಧತೆ ಮಾಡಿದ್ದೇವೆ, ಹೋಗುವವರು ಇದನ್ನು ತಿಳಿದು ಒಪ್ಪಿದ್ದಾರೆ ಎಂಬ ಅರ್ಧ ಪುಟದ ಬರಹ ಹೊರಡುವ ಮುನ್ನವೇ ಫೈಲಿನಲ್ಲಿದ್ದರೆ, ಆಕಸ್ಮಿಕವಾಗಿ ನಡೆದುಹೋದುದನ್ನೂ ಅಜಾಗರೂಕತೆಯಿಂದ ಆದುದನ್ನೂ ಬೇರ್ಪಡಿಸಿ ನೋಡಲು ಒಂದು ಆಧಾರ ದೊರೆಯುತ್ತದೆ.

ಒಪ್ಪಿಗೆ ಯಾರದೆಂಬ ಪ್ರಶ್ನೆಯಲ್ಲಿ ನಮ್ಮವರ ವಾತ್ಸಲ್ಯವೇ ಕೆಲವೊಮ್ಮೆ ಅಡ್ಡ ಬರುತ್ತದೆ. ಸೇರಿಸುವ ದಿನ ಮಗನಿಂದ ಸಹಿ ಹಾಕಿಸಿಕೊಂಡ ಕಾಗದದಲ್ಲಿ "ನಮ್ಮ ಅನುಮತಿಯಿಲ್ಲದೆ ಹೊರಗೆ ಕಳುಹಿಸಕೂಡದು" ಎಂದಿರುತ್ತದೆ. ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಇಲ್ಲಿ ಬೆಳಗಾದಾಗ ಅಲ್ಲಿ ರಾತ್ರಿ. ಪಕ್ಕದ ಬೀದಿಯ ಗ್ರಂಥಾಲಯಕ್ಕೆ ಹೋಗಿಬರುತ್ತೇನೆಂದ ತಂದೆಯನ್ನು ಗೇಟಿನಲ್ಲಿಯೇ ನಿಲ್ಲಿಸಿ, ಮಗನಿಗೆ ವಾಟ್ಸಾಪ್ ಸಂದೇಶವನ್ನು ಕಳುಹಿಸಿ, ಅವನು ಎದ್ದು ಉತ್ತರ ಕೊಡುವವರೆಗೂ ಕಾಯುತ್ತಾರೆ. ಎಂಬತ್ತರ ಆ ವೃದ್ಧ ತನ್ನ ಪಿಂಚಣಿಯ ಲೆಕ್ಕವನ್ನು ತಾನೇ ನೋಡಿಕೊಳ್ಳುವ, ಮತ ಹಾಕುವ, ಉಯಿಲು ಬರೆಯುವ ಹಕ್ಕುಳ್ಳ ಪ್ರಜೆ. ಮಗನ ಸುಪರ್ದಿನಲ್ಲಿರುವ ಅಪ್ರಾಪ್ತವಯಸ್ಕನಲ್ಲ. ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ, ಚೆಷೈರ್ ವೆಸ್ಟ್ ಎಂದು ಪ್ರಸಿದ್ಧವಾದ ಮೊಕದ್ದಮೆಯಲ್ಲಿ, ಒಪ್ಪಿಗೆ ಕೊಡಲು ಬೌದ್ಧಿಕ ಸಾಮರ್ಥ್ಯವಿಲ್ಲದ ವ್ಯಕ್ತಿಯನ್ನು ಕೂಡ ಸದಾ ನಿಗಾ ಹಾಗೂ ನಿಯಂತ್ರಣದಲ್ಲಿರಿಸಿ ಬಿಟ್ಟುಹೋಗಲು ಸ್ವಾತಂತ್ರ್ಯವಿಲ್ಲದಂತೆ ಮಾಡಿದರೆ, ಅವನ ವಸತಿ ಎಷ್ಟೇ ಸುಖಕರವಾಗಿರಲಿ, ಅವನು ತಕರಾರೆತ್ತದೆಯೇ ಇರಲಿ, ಅದು ಸ್ವಾತಂತ್ರ್ಯಹರಣವೇ ಎಂದೂ ಅದಕ್ಕೆ ಕಾನೂನಿನ ಸಮ್ಮತಿ ಬೇಕೆಂದೂ ತೀರ್ಮಾನಿಸಿತು. ನಮ್ಮಲ್ಲಿ ಬುದ್ಧಿ ನೆಟ್ಟಗಿರುವವರ ವಿಷಯದಲ್ಲಿಯೇ ಆ ಪ್ರಶ್ನೆ ಏಳುವುದಿಲ್ಲ, ಏಕೆಂದರೆ ಬೀಗ ಹಾಕಿದವರು ಪ್ರೀತಿಯಿಂದ ಹಾಕಿದ್ದಾರೆ.

ಪ್ರಯಾಣ ಗೇಟಿನೊಳಗೆ ಬಂದೊಡನೆ ಮುಗಿಯಿತೆಂದು ತಿಳಿಯುವುದೂ ತಪ್ಪೇ. ಹೊಸ ಚೀಟಿಯಲ್ಲಿ ಬರೆದ ಮಾತ್ರೆ ಹಳೆಯ ಡಬ್ಬಿಯಲ್ಲಿಯೇ ಬೇರೊಂದು ಕಂಪೆನಿಯ ಹೆಸರಿನಲ್ಲಿ ಇರಬಹುದು. ಎರಡನ್ನೂ ಕೊಟ್ಟರೆ ರಕ್ತದೊತ್ತಡ ಪಾತಾಳಕ್ಕಿಳಿಯುತ್ತದೆ. ನಿಲ್ಲಿಸಿರೆಂದು ವೈದ್ಯರು ಬಾಯಲ್ಲಿ ಹೇಳಿದ ಔಷಧ ಚೀಟಿಯಲ್ಲಿ ಬರೆದಿಲ್ಲದ ಕಾರಣ ನಿಲ್ಲದೆ ಮುಂದುವರಿಯುತ್ತದೆ. ಜೊತೆಗೆ ಹೋದವಳು ರಾತ್ರಿ ಪಾಳಿಯವಳಿಗೆ ಸಂಗತಿಯನ್ನು ಬಾಯಲ್ಲಿಯೂ ಪುಸ್ತಕದಲ್ಲಿಯೂ ಒಪ್ಪಿಸಿದ ಮೇಲೆಯೇ ಅವಳ ಕೆಲಸ ಮುಗಿದಂತೆ. ಮಾರನೆಯ ದಿನವೆಲ್ಲ ಅಜ್ಜಿ ಮಲಗಿಯೇ ಇದ್ದರೆ ಅದು ದಣಿವೋ ಮತ್ತೇನಾದರೋ ಎಂದು ನೋಡುವ ಕಣ್ಣು ಕೂಡ ಅದರಲ್ಲಿ ಸೇರಿದೆ.

ಪ್ರತಿಯೊಂದು ಆಶ್ರಮದ ಗೇಟಿನಲ್ಲಿಯೂ ಒಂದು ಪುಸ್ತಕವಿರುತ್ತದೆ: ಯಾರು ಹೋದರು, ಯಾವಾಗ ಹೋದರು, ಯಾರ ಜೊತೆ ಹೋದರು, ಯಾವಾಗ ಬಂದರು. ಪರಿಶೀಲನೆಗೆ ಬರುವ ಅಧಿಕಾರಿಗಳು ಅದನ್ನು ತಿರುವಿ ರುಜು ಹಾಕಿ ಹೋಗುತ್ತಾರೆ. ಹೋಗಬೇಕೆಂದು ಕೇಳಿದವರು ಯಾರು, ಅವರನ್ನು ಕರೆದೊಯ್ಯದಿದ್ದುದು ಏಕೆ, ಬೇಡವೆಂದವರು ಯಾರು ಎಂಬುದನ್ನು ಬರೆದಿಡುವ ಪುಸ್ತಕವನ್ನು ನಾನು ಎಲ್ಲಿಯೂ ಕಾಣಲಿಲ್ಲ. ಅದನ್ನು ಇಡುವುದಕ್ಕೆ ಹಣ ಬೇಕಾಗಿಲ್ಲ, ಹೊಸ ಕಾನೂನೂ ಬೇಕಾಗಿಲ್ಲ. ಎರಡು ನೂರು ಪುಟದ ನೋಟುಬುಕ್ಕೊಂದು ಸಾಕು. ಇನ್ನು ಮುಂದೆ ಬರುವ ಅಧಿಕಾರಿಗಳು ಮೊದಲು ಅದನ್ನು ಕೇಳಿ ನೋಡಲಿ, ಬಳಿಕ ಅಡುಗೆಮನೆಗೆ ಹೋಗಲಿ.